ಗಾಜಿನ ಮೇಲೆ ಗೆರೆ ಬೀಳದ ಹಾಗೆ: ತಲೆ ಬಾಗುವ ವೈಪರ್ ಆರಿಸುವುದು, ಬಳಸುವುದು ಹೇಗೆ?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಅಂಗಡಿಯ ಮುಂದಿನ ಗಾಜು ಒರೆಸಿ ಮುಗಿಸಿದ್ದೆ. ಬಕೆಟ್ ಎತ್ತಿಕೊಂಡು ಹೊರಡಬೇಕು, ಅಷ್ಟರಲ್ಲಿ ಎದುರಿನ ಕಟ್ಟಡದ ಮೇಲಿಂದ ಬಿಸಿಲು ಇಳಿಯಿತು. ಬಾಚಣಿಗೆ ಎಳೆದ ಹಾಗೆ ಗಾಜಿನ ತುಂಬಾ ಗೆರೆ. ಮಾಲೀಕರು ಕಾಫಿ ಲೋಟ ಹಿಡಿದುಕೊಂಡು ಬಂದರು, ಒಂದು ಸಲ ಗಾಜು ನೋಡಿದರು, ಒಂದು ಸಲ ನನ್ನನ್ನು ನೋಡಿದರು. "ಒರೆಸೋಕೆ ಮುಂಚೆನೇ ವಾಸಿ ಇತ್ತಲ್ರೀ" ಎಂದರು.

ಅವತ್ತು ನಾನು ಬೈದಿದ್ದು ವೈಪರನ್ನು. ಇದು ಹಳೇ ಮಾದರಿ, ತಲೆ (ರಬ್ಬರ್ ಪಟ್ಟಿ ಕೂರುವ ಭಾಗ) ಅಲ್ಲಾಡುವುದಿಲ್ಲ, ಅದಕ್ಕೇ ಹೀಗೆ ಅಂದುಕೊಂಡೆ. ವಾರದೊಳಗೆ ಆನ್‌ಲೈನಿನಲ್ಲಿ ಅಡ್ಜಸ್ಟಬಲ್ ವೈಪರ್ ತರಿಸಿದೆ. ಅದೇ ಅಂಗಡಿ, ಅದೇ ಗಾಜು. ಗೆರೆಯೂ ಅದೇ! ತಪ್ಪು ರಬ್ಬರಿನದು ಮತ್ತು ನೀರಿನದು ಅಂತ ಗೊತ್ತಾಗಲು ಇನ್ನೂ ಆರು ತಿಂಗಳು ಬೇಕಾಯಿತು. ತಲೆ ಬಾಗುವ ವೈಪರ್ ಒಳ್ಳೆಯ ಸಾಮಾನೇ. ಆದರೆ ಅದು ಬಿಡಿಸುವ ತೊಂದರೆ ಬೇರೆ. ಕೈ ಹೋಗದ ಕಡೆ ರಬ್ಬರನ್ನು ಸರಿಯಾದ ಓರೆಯಲ್ಲಿ ಇಡುವುದು ಅದರ ಕೆಲಸ. ಗೆರೆ ಹೋಗಿಸುವುದು ಅದರ ಕೆಲಸ ಅಲ್ಲ. ಇಷ್ಟು ತಿಳಿದುಕೊಂಡು ದುಡ್ಡು ಬಿಚ್ಚಿದರೆ ನನ್ನ ಹಾಗೆ ಎರಡು ಸಲ ಖರ್ಚಾಗುವುದಿಲ್ಲ.

ಮೊದಲು ಅಂಗಡಿಯಲ್ಲಿ ಏನು ಕೇಳಬೇಕು?

ಸುಮ್ನೆ "ವೈಪರ್ ಕೊಡಿ" ಅಂದರೆ ನೆಲ ಒರೆಸುವ ವೈಪರ್ ಕೊಡುತ್ತಾರೆ. ಅದರ ರಬ್ಬರ್ ದಪ್ಪ, ಅಂಚು ಮೊಂಡು. ಗಾಜಿಗೆ ಅದು ಆಗುವುದಿಲ್ಲ. ಗ್ಲಾಸ್ ವೈಪರ್ ಅಥವಾ ಸ್ಕ್ವೀಜಿ ಅಂತ ಕೇಳಿ. ಅದರಲ್ಲಿ ಮೂರು ಭಾಗ ಇರುತ್ತವೆ: ಕೈಗೆ ಹಿಡಿ, ಅಡ್ಡಕ್ಕೆ ಲೋಹದ ಪಟ್ಟಿ, ಪಟ್ಟಿಯೊಳಗೆ ರಬ್ಬರ್. ಈ ಮೂರೂ ಬಿಡಿಬಿಡಿಯಾಗಿ ಬಿಚ್ಚಿ ಬರಬೇಕು. ಅಂಟಿಸಿಬಿಟ್ಟ ರಬ್ಬರ್ ಇದ್ದರೆ ಮುಟ್ಟಲೇಬೇಡಿ. ರಬ್ಬರ್ ಸವೆದ ದಿನ ಇಡೀ ವೈಪರ್ ಕಸ ಆಗುತ್ತದೆ.

ಈ ಮಾದರಿಗೆ ಒಂದು ಚಿಕ್ಕ ಕಥೆ ಇದೆ. ಹಿಂದೆ ಅಮೆರಿಕದಲ್ಲಿ ಗಾಜು ಒರೆಸುವವರು ಭಾರದ ಉಕ್ಕಿನ ಸ್ಕ್ವೀಜಿ ಹಿಡಿಯುತ್ತಿದ್ದರು. ಅದಕ್ಕೆ ಎರಡು ರಬ್ಬರ್ ಇರುತ್ತಿದ್ದವು. ರಬ್ಬರ್ ಬದಲಿಸಬೇಕಾದರೆ ಸಾಲು ಸ್ಕ್ರೂ ಬಿಚ್ಚುತ್ತಾ ಕೂರಬೇಕಿತ್ತು. ಇಟಲಿಯಿಂದ ಹೋಗಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಎಟ್ಟೋರೆ ಸ್ಟೆಕ್ಕೋನೆ ಅದಕ್ಕಿಂತ ಹಗುರವಾದ ಹಿತ್ತಾಳೆಯ, ಒಂದೇ ರಬ್ಬರಿನ ಸ್ಕ್ವೀಜಿ ಮಾಡಿದ. 1936ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಇವತ್ತು ನಾವು ಹಿಡಿಯುವುದು ಹೆಚ್ಚುಕಮ್ಮಿ ಅದೇ ಆಕಾರ. ದಿನವಿಡೀ ಒರೆಸಿ ಕೈ ಸೋತವನಿಗೇ ಇಂಥದ್ದು ಹೊಳೆಯುವುದು ಅಲ್ವಾ?

ಎರಡು ಥರದ ತಲೆ

ಪೊಟ್ಟಣದ ಮೇಲೆ ಅಡ್ಜಸ್ಟಬಲ್ ಅಂತ ಬರೆದಿದ್ದರೆ ಅಷ್ಟಕ್ಕೇ ನಂಬಬೇಡಿ. ಏನು ಅಡ್ಜಸ್ಟ್ ಆಗುತ್ತದೆ ಅಂತ ನೋಡಿ. ಇದರಲ್ಲಿ ಎರಡು ಥರ ಇವೆ. ಎರಡನ್ನೂ ಒಂದೇ ಅಂದುಕೊಂಡು ಕೊಳ್ಳುವವರೇ ಜಾಸ್ತಿ.

ಒಂದರ ತಲೆ ಮುಂದಕ್ಕೆ, ಹಿಂದಕ್ಕೆ ಬಾಗುತ್ತದೆ. ಹೌದು ಅನ್ನುವಾಗ ನಾವು ತಲೆ ಆಡಿಸುತ್ತೇವಲ್ಲ, ಹಾಗೆ. ಬೇಕಾದ ಓರೆಗೆ ಬಾಗಿಸಿ, ಗುಂಡಿ ಅಥವಾ ತಿರುಪು ಬಿಗಿದು ನಿಲ್ಲಿಸಬಹುದು. ಗೋಡೆಯಿಂದ ಒಳಗೆ ಸರಿದ ಕಿಟಕಿ, ಕೋಲು ಹಾಕಿ ಒರೆಸುವ ಎತ್ತರದ ಗಾಜು, ಇವಕ್ಕೆಲ್ಲ ಇದೇ ಬೇಕು.

ಇನ್ನೊಂದರ ತಲೆ ಎಡಕ್ಕೆ, ಬಲಕ್ಕೆ ತಿರುಗುತ್ತದೆ, ಇಲ್ಲ ಅಂತ ತಲೆ ಅಲ್ಲಾಡಿಸಿದ ಹಾಗೆ. ಕೈಯನ್ನು ಹಾವಿನ ಹಾಗೆ ಆಡಿಸುತ್ತಾ ಒಂದೇ ಎಳೆತದಲ್ಲಿ ಗಾಜು ಮುಗಿಸುವವರಿಗೆ ಇದು ಹಿತ. ನಮ್ಮ ಮನೆಗಳ ಗ್ರಿಲ್ ಕಿಟಕಿಗಂತೂ ಇದೇ ಸರಿ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಾಗುವುದು, ತಿರುಗುವುದು ಎರಡೂ ಇರುವ ತಲೆಗಳೂ ಬರುತ್ತವೆ. ಅವು ದುಬಾರಿ. ಕೀಲು ಎರಡಿದ್ದರೆ ಸಡಿಲಾಗುವ ಜಾಗವೂ ಎರಡು. ಹೊಸಬರಾದರೆ ಬಾಗುವ ತಲೆ ಒಂದು, ಮಾಮೂಲಿ ನೇರ ಹಿಡಿ ಒಂದು ಇಟ್ಟುಕೊಳ್ಳಿ. ದಿನದ ಕೆಲಸದಲ್ಲಿ ಮುಕ್ಕಾಲು ಪಾಲು ನೇರ ಹಿಡಿಯಲ್ಲೇ ಮುಗಿಯುತ್ತದೆ. ಅದು ಗಟ್ಟಿ, ಹಗುರ, ತೊಂದರೆ ಕೊಡುವುದಿಲ್ಲ.

ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿ

ಅಂಗಡಿಗೇ ಹೋಗಿ ಕೊಳ್ಳುವುದು ಒಳ್ಳೆಯದು. ತಲೆಯನ್ನು ಒಂದು ಓರೆಗೆ ಬಿಗಿಯಿರಿ. ರಬ್ಬರನ್ನು ಕೌಂಟರಿನ ಗಾಜಿನ ಮೇಲೆ ಇಟ್ಟು ಒತ್ತಿ. ಕೀಲು ಕೂದಲೆಳೆಯಷ್ಟು ಜಾರಿದರೂ ವಾಪಸ್ ಕೊಡಿ. ಎಳೆಯುವಾಗ ತಲೆ ಕದಲಿತು ಅಂದರೆ ರಬ್ಬರಿನ ಓರೆ ಬದಲಾಯಿತು, ಅಲ್ಲಿ ಒಂದು ಗೆರೆ ಗ್ಯಾರಂಟಿ. ಆಮೇಲೆ ಹಿಡಿಯನ್ನು ಒಂದು ಕೈಯಲ್ಲಿ, ಪಟ್ಟಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಜೋರಾಗಿ ಎಳೆಯಿರಿ. ಪಟ್ಟಿ ಹಿಡಿಯೊಳಗೆ ಜಾರಬಾರದು.

ಈ ಎರಡನೇ ಪರೀಕ್ಷೆ ನನಗೆ ಯಾರೂ ಹೇಳಿಕೊಡಲಿಲ್ಲ. ಅದನ್ನು ಕಲಿಸಿದ್ದು ಒಂದು ಸ್ಕೂಟರ್. ಆನ್‌ಲೈನಿನಲ್ಲಿ ತರಿಸಿದ ಆ ಮೊದಲ ವೈಪರನ್ನು ಕೋಲಿಗೆ ಸಿಕ್ಕಿಸಿ ಮೊದಲ ಮಹಡಿಯ ಗಾಜು ಎಳೆಯುತ್ತಿದ್ದೆ. ಪಟ್ಟಿ ಹಿಡಿಯಿಂದ ಕಳಚಿಕೊಂಡು ನೇರ ಕೆಳಗೆ ನಿಲ್ಲಿಸಿದ್ದ ಸ್ಕೂಟರಿನ ಸೀಟಿಗೆ ಚುಚ್ಚಿಕೊಂಡಿತು. ಅಲ್ಲಿ ಯಾರೂ ಕೂತಿರಲಿಲ್ಲ, ಪುಣ್ಯ. ಹೊಸ ಸೀಟ್ ಕವರಿಗೆ ಆ ದಿನದ ಸಂಪಾದನೆ ಹೋಯಿತು. ಈಗ ಕೋಲಿಗೆ ಹಾಕುವ ಮುಂಚೆ ಪ್ರತಿ ಸಲ ಎಳೆದು ನೋಡುತ್ತೇನೆ. ಕೆಳಗೆ ಗಾಡಿ ಇದ್ದರೆ ತೆಗೆಸುತ್ತೇನೆ.

ಪಟ್ಟಿ ಯಾವ ಲೋಹದ್ದು ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸ್ಟೀಲ್ ಗಟ್ಟಿ, ಅಲ್ಯೂಮಿನಿಯಂ ಹಗುರ, ಹಿತ್ತಾಳೆ ಭಾರ. ಕೋಲಿನ ತುದಿಗೆ ಹಗುರವಾದದ್ದೇ ಬೇಕು. ಅಳತೆ ಮಾತ್ರ ಮುಖ್ಯ. ಮನೆ ಕಿಟಕಿಗೆ 10 ಇಂಚು, ಅಂಗಡಿಯ ದೊಡ್ಡ ಗಾಜಿಗೆ 14ರಿಂದ 18 ಇಂಚು, ಗ್ರಿಲ್ ಸಂದಿಗೆ 6 ಇಂಚು. ದೊಡ್ಡದಾದಷ್ಟೂ ಬೇಗ ಮುಗಿಯುತ್ತದೆ ಅನ್ನುವುದು ಕಲಿಯುವವರಿಗೆ ಸುಳ್ಳು. 18 ಇಂಚಿನ ರಬ್ಬರನ್ನು ಎರಡೂ ತುದಿ ಸಮನಾಗಿ ಒತ್ತಿಕೊಂಡು ಎಳೆಯಲು ಮಣಿಕಟ್ಟು ಪಳಗಿರಬೇಕು. 12 ಇಂಚಿನಿಂದ ಶುರು ಮಾಡಿ.

ದುಡ್ಡು ಹಾಕಬೇಕಾದ ಜಾಗ ರಬ್ಬರ್. ಅಂಚು ಬ್ಲೇಡಿನಿಂದ ಕತ್ತರಿಸಿದ ಹಾಗೆ ಚೂಪಾಗಿ, ನೇರವಾಗಿ ಇರಬೇಕು. ಉಗುರನ್ನು ಅಂಚಿನ ಮೇಲೆ ಮೆಲ್ಲಗೆ ಎಳೆಯಿರಿ. ಎಲ್ಲಾದರೂ ಸಿಕ್ಕಿದರೆ ಅಲ್ಲಿ ಕಚ್ಚು ಇದೆ ಅಂತ ಅರ್ಥ. ಪ್ರತಿ ಎಳೆತದಲ್ಲೂ ಆ ಕಚ್ಚು ಅದೇ ಜಾಗದಲ್ಲಿ ಒಂದು ಗೆರೆ ಬಿಡುತ್ತದೆ. ರಬ್ಬರಿನಲ್ಲಿ ಗಟ್ಟಿ, ಮೆದು ಅಂತ ಎರಡು ಜಾತಿ. ಬಿಸಿಲಿಗೆ ಗಟ್ಟಿ, ಚಳಿಗೆ ಮೆದು. ನಮ್ಮ ತುಮಕೂರು, ಕೋಲಾರದ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಮೆದು ರಬ್ಬರ್ ಗಾಜಿಗೆ ಅಂಟಿಕೊಂಡು ಕಿರ್ರೋ ಅಂತ ಕುಣಿಯುತ್ತದೆ. ವರ್ಷದಲ್ಲಿ ಜಾಸ್ತಿ ದಿನ ಗಟ್ಟಿ ರಬ್ಬರೇ ಸಾಕು. ಹಾಕುವಾಗ ಪಟ್ಟಿಯ ಎರಡೂ ತುದಿಯಲ್ಲಿ ರಬ್ಬರ್ 2-3 ಮಿಲಿಮೀಟರ್ ಆಚೆ ಬಂದಿರಲಿ. ಒಳಗೇ ಉಳಿದರೆ ಲೋಹದ ಮೂಲೆ ಗಾಜನ್ನು ಗೀರುತ್ತದೆ, ಚೌಕಟ್ಟಿನ ಪಕ್ಕದ ನೀರೂ ಉಳಿದುಹೋಗುತ್ತದೆ.

ನೀರು: ನಮ್ಮ ಜಿಲ್ಲೆಗಳ ನಿಜವಾದ ತಲೆನೋವು

ಕೋಲಾರದಲ್ಲಿ ಒಂದು ಕ್ಲಿನಿಕ್ಕಿನ ಗಾಜನ್ನು ಅಲ್ಲೇ ಇದ್ದ ಬೋರ್ ನೀರಿನಲ್ಲಿ ತೊಳೆದಿದ್ದೆ. ಎಳೆದದ್ದೆಲ್ಲ ಚೆನ್ನಾಗಿತ್ತು. ಆದರೆ ಮೂಲೆಯಲ್ಲಿ, ಚೌಕಟ್ಟಿನ ರಬ್ಬರಿನ ಸಂದಿಯಲ್ಲಿ ಉಳಿದ ನೀರು ಜಿನುಗಿ, ಒಣಗಿ, ಗಾಜಿನ ಮೇಲೆ ಬಿಳಿ ಚುಕ್ಕೆ ಬಿಟ್ಟಿತ್ತು. ಬಟ್ಟೆಯಲ್ಲಿ ತಿಕ್ಕಿದರೂ ಹೋಗಲಿಲ್ಲ. ಆಮೇಲೆ ಟಿಡಿಎಸ್ ಮೀಟರ್ (ಒಂದು ಲೀಟರ್ ನೀರಿನಲ್ಲಿ ಕರಗಿದ ಲವಣ ಎಷ್ಟು ಮಿಲಿಗ್ರಾಂ ಅಂತ ತೋರಿಸುವ ಸಾಧನ) ಹಾಕಿ ನೋಡಿದರೆ ಸಾವಿರದ ಮೇಲೆ ತೋರಿಸಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು 500. ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಬಿಡುತ್ತದೆ. ಕುಡಿಯಲು ನಡೆಯುವ ನೀರು ಗಾಜಿಗೂ ನಡೆಯುತ್ತದೆ ಅಂತೇನಿಲ್ಲ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷವಿಡೀ ಹರಿಯುವ ನದಿ ಇಲ್ಲ. ಬೋರ್ ನೀರು ಎಷ್ಟೋ ಕಡೆ ಗಡಸು. ಅದರಲ್ಲಿರುವ ಸುಣ್ಣದ ಅಂಶ ನೀರು ಆರಿದ ಮೇಲೆ ಗಾಜಿನ ಮೇಲೇ ಕೂರುತ್ತದೆ. ತುಮಕೂರು ಪೇಟೆಯಲ್ಲಿ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ನಲ್ಲಿಯಲ್ಲಿ ಸಿಕ್ಕ ದಿನ ಕೆಲಸ ಎಷ್ಟೋ ಸಲೀಸು. ಬರೀ ಬೋರ್ ನೀರೇ ಇರುವ ಕಡೆ ನಾನು ಹೀಗೆ ಮಾಡುತ್ತೇನೆ. ಮೊದಲ ಕೊಳೆ, ಮಣ್ಣು ತೊಳೆಯಲು ಅದೇ ನೀರು. ಕೊನೆಗೆ ಸೋಪು ಹಚ್ಚಿ ಎಳೆಯಲು ಮಾತ್ರ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಒಂದು ಕ್ಯಾನ್. 20 ಲೀಟರಿನಲ್ಲಿ ಸಾಧಾರಣ ಅಂಗಡಿ ಪೂರಾ ಮುಗಿಯುತ್ತದೆ. ಮಳೆಗಾಲದಲ್ಲಿ ಅದೂ ಬೇಡ. ಮೊದಲ ಕಾಲು ಗಂಟೆಯ ಮಳೆ ಛಾವಣಿ ತೊಳೆದು ಹೋಗಲಿ. ಆಮೇಲಿನ ನೀರನ್ನು ಡ್ರಮ್ಮಿಗೆ ಹಿಡಿದು ಬಟ್ಟೆಯಲ್ಲಿ ಸೋಸಿಕೊಂಡರೆ ಗಾಜಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ.

ಸೋಪಿನ ವಿಷಯ ಚಿಕ್ಕದು. 10 ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಚಮಚ. ನೀರು ಬೆರಳಿಗೆ ಜಾರಿದರೆ ಸಾಕು. ನೊರೆ ಏಳುವಷ್ಟು ಹಾಕಿದರೆ ಸೋಪೇ ಪರೆ ಕಟ್ಟುತ್ತದೆ. ಬಟ್ಟೆ ಒಗೆಯುವ ಪುಡಿ ಹಾಕಬೇಡಿ.

ಈಗಾಗಲೇ ಕೂತಿರುವ ಬಿಳಿ ಕಲೆಗೆ ವಿನೆಗರ್ ಅಥವಾ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ನೀರಿಗೆ ಬೆರೆಸಿ, ಬಟ್ಟೆ ನೆನೆಸಿ, ಐದು ನಿಮಿಷ ಗಾಜಿಗೆ ಅಂಟಿಸಿ ಬಿಡಿ. ಆಮೇಲೆ ಚೆನ್ನಾಗಿ ತೊಳೆಯಿರಿ. ಕೆಳಗೆ ಮಾರ್ಬಲ್ ಇದ್ದರೆ ಹನಿ ಬೀಳದ ಹಾಗೆ ಪ್ಲಾಸ್ಟಿಕ್ ಹಾಸಿ. ಹುಳಿ ಬಿದ್ದರೆ ಮಾರ್ಬಲ್ ಹೊಳಪು ಹೋಗುತ್ತದೆ. ಬಾತ್‌ರೂಮ್ ಆಸಿಡ್ಡಂತೂ ಬೇಡವೇ ಬೇಡ. ಅಲ್ಯೂಮಿನಿಯಂ ಚೌಕಟ್ಟು ಸುಟ್ಟ ಹಾಗೆ ಕಪ್ಪಾಗುತ್ತದೆ. ಅದರ ಹೊಗೆ ನಿಮ್ಮ ಎದೆಗೂ ಒಳ್ಳೆಯದಲ್ಲ.

ಈಗ ಕೆಲಸಕ್ಕೆ ಇಳಿಯೋಣ

ಹೊತ್ತು ಮೊದಲು ನೋಡಿಕೊಳ್ಳಿ. ಬಿಸಿಲು ಬಿದ್ದ ಗಾಜಿನ ಮೇಲೆ ನೀರು ಎಳೆಯುವ ಮುಂಚೆಯೇ ಆರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿ ಬೆಳಿಗ್ಗೆ, ಪೂರ್ವದ್ದು ಮಧ್ಯಾಹ್ನದ ಮೇಲೆ. 

ಗಾಜು ಮುಟ್ಟುವ ಮುಂಚೆ ಕಣ್ಣಲ್ಲೇ ಒಂದು ಸಲ ಓದಿಕೊಳ್ಳಿ. ಬಿರುಕು ಇದೆಯಾ? ಒಳಗೆ ಸನ್ ಫಿಲ್ಮ್ ಅಂಟಿಸಿದ್ದಾರಾ? ಹಳೆಯ ಗೀರು ಇದೆಯಾ? ಇದ್ದರೆ ಮಾಲೀಕರನ್ನು ಕರೆದು ತೋರಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಕಂಡ ಗೀರೆಲ್ಲ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಆಮೇಲೆ ಧೂಳು. ನಮ್ಮ ಕಡೆಯ ಧೂಳು ಬರೀ ಧೂಳಲ್ಲ, ಅದರಲ್ಲಿ ಮರಳಿದೆ. ಹೆದ್ದಾರಿ ಪಕ್ಕ, ಜಲ್ಲಿ ಕ್ರಷರ್ ಇರುವ ಕಡೆ ಅಂತೂ ಕೇಳಲೇಬೇಡಿ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಉಪ್ಪುಕಾಗದ ಉಜ್ಜಿದ ಹಾಗೇ. ಚೌಕಟ್ಟು, ಸ್ಲೈಡಿಂಗ್ ಕಿಟಕಿಯ ಹಳಿ, ಸೊಳ್ಳೆ ಪರದೆ, ಇವನ್ನು ಹಳೆಯ ಪೇಂಟ್ ಬ್ರಷ್‌ನಲ್ಲಿ ಉದುರಿಸಿ. ಇದನ್ನು ಬಿಟ್ಟರೆ ಎಳೆಯುವಾಗ ಹಳಿಯ ಮಣ್ಣು ರಬ್ಬರಿಗೆ ಹತ್ತುತ್ತದೆ.

ಈಗ ಸೋಪು ನೀರು ಹಚ್ಚಿ. ಉಣ್ಣೆಯಂಥ ಬಟ್ಟೆಯ ಕವಚ ಹಾಕಿದ, ನೀರು ಹಚ್ಚುವ ವಾಷರ್ ಇದ್ದರೆ ಸರಿ, ಇಲ್ಲದಿದ್ದರೆ ದೊಡ್ಡ ಸ್ಪಂಜು. ಮೊದಲು ನಾಲ್ಕೂ ಅಂಚು, ಆಮೇಲೆ ನಡುವೆ. ಕೈಗೆ ಮರಳು ತಗುಲಿದ ಹಾಗೆ ಅನ್ನಿಸಿದರೆ ವಾಷರ್ ತೊಳೆದು ಮತ್ತೆ ಹಚ್ಚಿ. ಪಾರಿವಾಳದ ಹಿಕ್ಕೆ ಇದ್ದರೆ ಅದರ ಮೇಲೆ ಒದ್ದೆ ಬಟ್ಟೆ ಅಂಟಿಸಿ ಬೇರೆ ಗಾಜಿಗೆ ಹೋಗಿ. ಹತ್ತು ನಿಮಿಷಕ್ಕೆ ತಾನೇ ಬಿಡುತ್ತದೆ. ಹೊಸ ಕಟ್ಟಡದ ಬಣ್ಣ, ಸಿಮೆಂಟು ಬಿಡಿಸಲು ಬ್ಲೇಡ್ ಹಾಕುವುದಾದರೆ ಗಾಜು ಒದ್ದೆ ಇರಲಿ, ಬ್ಲೇಡ್ ಹೊಸದಿರಲಿ, ಮುಂದಕ್ಕೆ ಮಾತ್ರ ತಳ್ಳಿ. ಹಿಂದಕ್ಕೆ ಎಳೆದರೆ ಕೆಳಗೆ ಸಿಕ್ಕಿದ ಮರಳು ಗೀರುತ್ತದೆ. ಟಫನ್ (ಕಾಯಿಸಿ ಗಟ್ಟಿ ಮಾಡಿದ) ಗಾಜಿನ ಮೇಲೂ ಲೇಪ ಹಾಕಿದ ಗಾಜಿನ ಮೇಲೂ ಬ್ಲೇಡ್ ಅಪಾಯ. ಫಿಲ್ಮ್ ಇದ್ದ ಕಡೆ ಬ್ಲೇಡ್ ಇಲ್ಲವೇ ಇಲ್ಲ.

ಇನ್ನು ಎಳೆತ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

ಒಣ ರಬ್ಬರ್ ಗಾಜಿನ ಮೇಲೆ ಇಟ್ಟ ಕೂಡಲೇ ತೊಡಕುತ್ತದೆ, ಒದ್ದೆ ಅಂಚಿನಿಂದ ಶುರು ಮಾಡಿದರೆ ಅಲ್ಲಿ ಉಳಿದ ನೀರು ಆಮೇಲೆ ಕೆಳಗೆ ಇಳಿಯುತ್ತದೆ. ಆದ್ದರಿಂದ ಮೇಲಿನ ಅಂಚಿನಲ್ಲಿ ಎರಡು ಬೆರಳಗಲ ಜಾಗವನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿ, ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒಂದು ಸಲ ಸವರಿ, ಆ ಒಣ ಜಾಗದಲ್ಲಿ ಇಟ್ಟು ಶುರು ಮಾಡಿ. ಹಿಡಿ ಗಾಜಿಗೆ 30ರಿಂದ 45 ಡಿಗ್ರಿ ಓರೆಯಲ್ಲಿ ಇರಲಿ. ಡಿಗ್ರಿ ಅಳೆಯುತ್ತಾ ಕೂರುವವರು ಯಾರು? ಸುಲಭದ ಗುರುತು ಒಂದಿದೆ: ರಬ್ಬರಿನ ಅಂಚು ಒಂದು ಕಡೆಗೆ ಸ್ವಲ್ಪವೇ ಬಾಗಿ, ಆ ಬಾಗು ಈ ತುದಿಯಿಂದ ಆ ತುದಿಗೆ ಒಂದೇ ಸಮ ಕಾಣಬೇಕು. ಹಿಡಿಯನ್ನು ಗಾಜಿನ ಕಡೆಗೆ ತೀರಾ ಮಲಗಿಸಿದರೆ ಪಟ್ಟಿಯ ಲೋಹ ತಗುಲುತ್ತದೆ. ತೀರಾ ಎತ್ತಿದರೆ ರಬ್ಬರ್ ಕುಪ್ಪಳಿಸುತ್ತದೆ. ಒತ್ತುವುದು ಎಷ್ಟು? ಮಗುವಿನ ಕೆನ್ನೆ ಒರೆಸುವಷ್ಟು. ಹೊಸಬರು ಗೆರೆ ಕಂಡರೆ ಇನ್ನೂ ಜೋರಾಗಿ ಒತ್ತುತ್ತಾರೆ, ಗೆರೆ ಇನ್ನೂ ಜಾಸ್ತಿ ಆಗುತ್ತದೆ.

ಮೇಲಿಂದ ಕೆಳಕ್ಕೆ ನೇರ ಎಳೆಯಿರಿ. ಒಣಗಿದ ಕಡೆಯ ತುದಿ ಸ್ವಲ್ಪ ಮುಂದಿರಲಿ, ಒದ್ದೆ ಕಡೆಯ ತುದಿ ಹಿಂದಿರಲಿ. ಆಗ ನೀರು ಒದ್ದೆ ಕಡೆಗೇ ಹರಿಯುತ್ತದೆ, ಒಣಗಿದ ಜಾಗಕ್ಕೆ ವಾಪಸ್ ಬರುವುದಿಲ್ಲ. ಒಂದು ಎಳೆತ ಮುಗಿದ ಕೂಡಲೇ ರಬ್ಬರ್ ಒರೆಸಿ. ಪ್ರತಿ ಎಳೆತಕ್ಕೂ. ಮುಂದಿನ ಎಳೆತ ಹಿಂದಿನದರ ಮೇಲೆ ಎರಡು ಇಂಚು ಹತ್ತಿರಲಿ. ನನ್ನ ಜೊತೆ ಕೆಲಸಕ್ಕೆ ಬರುವ ಹುಡುಗ ಮೊದಲ ವಾರ "ಅಣ್ಣ, ಒರೆಸಿದ್ದನ್ನೇ ಮತ್ತೆ ಒರೆಸಿದರೆ ಟೈಮ್ ವೇಸ್ಟ್ ಅಲ್ವಾ?" ಅಂತ ಕೇಳುತ್ತಿದ್ದ. "ಬಿಟ್ಟು ನೋಡಪ್ಪ" ಅಂದೆ. ಎರಡು ಎಳೆತದ ನಡುವೆ ಉದ್ದಕ್ಕೂ ಒಂದು ನೀರಿನ ದಾರ ಉಳಿಯಿತು. ಅದನ್ನು ಬಟ್ಟೆಯಲ್ಲಿ ತಿದ್ದಲು ಹೋಗಿ ಇಡೀ ಗಾಜು ಮಬ್ಬು ಮಾಡಿದ. ಆಮೇಲೆ ಕೇಳಲಿಲ್ಲ.

ಬಾಗುವ ತಲೆ ಯಾವಾಗ?

ನೇರ ಹಿಡಿಯಲ್ಲಿ ಎಳೆಯುತ್ತಾ ಕೆಳಗೆ ಬಂದಿರಿ ಅಂತಿಟ್ಟುಕೊಳ್ಳಿ. ಕಿಟಕಿಯ ಕೆಳಗೆ ಗ್ರಾನೈಟ್ ಕಲ್ಲು ಅರ್ಧ ಅಡಿ ಮುಂದೆ ಬಂದಿದೆ. ಕೊನೆಯ ನಾಲ್ಕು ಇಂಚಿನಲ್ಲಿ ಹಿಡಿ, ನಿಮ್ಮ ಬೆರಳ ಗೆಣ್ಣು ಎರಡೂ ಕಲ್ಲಿಗೆ ಬಡಿಯುತ್ತವೆ. ಆಗ ಕೈ ತಾನಾಗಿ ಮೇಲೇಳುತ್ತದೆ, ರಬ್ಬರಿನ ಓರೆ ಕೆಡುತ್ತದೆ. ಎಷ್ಟೋ ಕಿಟಕಿಗಳಲ್ಲಿ ಬುಡದ ಒಂದು ಪಟ್ಟಿ ಮಬ್ಬಾಗಿ ಉಳಿದಿರುವುದು ಇದಕ್ಕೇ. ತಲೆಯನ್ನು ಬಾಗಿಸಿ ಬಿಗಿದರೆ ಕೈ ಕಲ್ಲಿನಿಂದ ಆಚೆ, ಮೇಲೆ ಇರುತ್ತದೆ, ರಬ್ಬರ್ ಮಾತ್ರ ಹಳೆಯ ಓರೆಯಲ್ಲೇ ಬುಡದವರೆಗೂ ಹೋಗುತ್ತದೆ. ಎಷ್ಟು ಬಾಗಿಸಬೇಕು? ಮೊದಲು ಕೆಳಗಿನ ಅಂಚಿನಲ್ಲಿ ರಬ್ಬರ್ ಇಟ್ಟು, ಕೈ ಕಲ್ಲಿಗೆ ತಗುಲದ ಹಾಗೆ ತಲೆ ಬಿಗಿಯಿರಿ. ಆಮೇಲೆ ಮೇಲಕ್ಕೆ ಹೋಗಿ ಎಳೆತ ಶುರು ಮಾಡಿ. ಮೇಲಿಂದ ಲೆಕ್ಕ ಹಾಕಿದರೆ ಕೆಳಗೆ ಬಂದಾಗ ಮತ್ತೆ ಸಿಕ್ಕಿಕೊಳ್ಳುತ್ತೀರಿ.

ಕೋಲಿನ ಕೆಲಸ ಇದರ ಇನ್ನೊಂದು ರೂಪ. ಎತ್ತರದ ಗಾಜಿಗೆ ಕೆಳಗೆ ನಿಂತು ಎಳೆಯುವಾಗ ಕೋಲು ಗಾಜಿಗೆ ಹೆಚ್ಚುಕಮ್ಮಿ ಒರಗಿಕೊಂಡೇ ಇರುತ್ತದೆ. ನೇರ ತಲೆಯಾದರೆ ರಬ್ಬರ್ ಮಲಗಿಬಿಡುತ್ತದೆ. ತಲೆ ಬಾಗಿಸಿ ಅದನ್ನು ಎಬ್ಬಿಸಬೇಕು. ಗೋಡೆಯಿಂದ ದೂರ ನಿಂತಷ್ಟೂ ಕಮ್ಮಿ ಬಾಗು, ಹತ್ತಿರ ನಿಂತಷ್ಟೂ ಜಾಸ್ತಿ. ಫುಟ್‌ಪಾತ್ ಕಿರಿದಾಗಿದ್ದರೆ ನಿಲ್ಲುವ ಜಾಗ ನಮ್ಮ ಕೈಯಲ್ಲಿರುವುದಿಲ್ಲ, ತಲೆಯನ್ನೇ ಹೊಂದಿಸಬೇಕು. ಕೆಳಕ್ಕೆ ಬರುತ್ತಾ ಓರೆ ಬದಲಾಗುತ್ತದೆ. ಅದಕ್ಕೇ ಕೋಲಿನಲ್ಲಿ ಮೇಲಿನ ಅರ್ಧ ಮುಗಿಸಿ, ಕೆಳಗಿನ ಅರ್ಧಕ್ಕೆ ಕೋಲು ಗಿಡ್ಡ ಮಾಡಿಕೊಂಡು ಮತ್ತೆ ಬಿಗಿಯುವುದು ವಾಸಿ.

ಅಲ್ಯೂಮಿನಿಯಂ ಕೋಲಿನಲ್ಲಿ ಕರೆಂಟ್ ಹರಿಯುತ್ತದೆ, ಅದೂ ಒದ್ದೆ ಕೈ. ನಮ್ಮ ಪೇಟೆಗಳಲ್ಲಿ ಬೆಸ್ಕಾಂ ತಂತಿ ಅಂಗಡಿಯ ಬೋರ್ಡಿಗೆ ಒಂದು ಮಾರು ದೂರದಲ್ಲಿ ಹೋಗಿರುವುದು ಎಷ್ಟೋ ಕಡೆ ಇದೆ. ಕೋಲು ಪೂರ್ತಿ ಎತ್ತಿ, ಅದು ಹಿಂದಕ್ಕೆ ಬಿದ್ದರೂ ತಂತಿಗೆ ತಾಗುವುದಿಲ್ಲ ಅಂತ ಖಾತ್ರಿ ಇದ್ದರೆ ಮಾತ್ರ ಶುರು ಮಾಡಿ. ಇಲ್ಲದಿದ್ದರೆ ಆ ಗಾಜು ಬಿಟ್ಟುಬಿಡಿ. ಏಣಿಯ ಲೆಕ್ಕ ಇಷ್ಟು: ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ದೂರ. ಎರಡನೇ ಮಹಡಿ ದಾಟಿದರೆ ಅದು ಹಗ್ಗ, ಬೆಲ್ಟ್ ಕಲಿತವರ ಕೆಲಸ. ನಾನು ಒಪ್ಪಿಕೊಳ್ಳುವುದಿಲ್ಲ.

ಗ್ರಿಲ್ ಹಾಕಿದ ಕಿಟಕಿ

ಬೇರೆ ದೇಶದ ವಿಡಿಯೋ ನೋಡಿ ಕಲಿತವರು ಸೋಲುವುದು ಇಲ್ಲಿ. ಅಲ್ಲಿ ಗ್ರಿಲ್ ಇಲ್ಲ. ನಮ್ಮಲ್ಲಿ ಗ್ರಿಲ್ ಇಲ್ಲದ ಮನೆ ಹುಡುಕಬೇಕು.

ತುಮಕೂರಿನ ಎಸ್‌ಐಟಿ ಬಡಾವಣೆಯ ಒಂದು ಮನೆಯಲ್ಲಿ ಮೊದಲ ಮಹಡಿಯ ಕಿಟಕಿ. ಹೊರಗೆ ನಿಲ್ಲಲು ಸಜ್ಜೆ ಇಲ್ಲ, ಏಣಿ ಇಡಲು ಜಾಗ ಇಲ್ಲ. ಒಳಗಿನಿಂದಲೇ ಗ್ರಿಲ್ ಸಂದಿಯಲ್ಲಿ ಕೈ ಹಾಕಿ ಗಾಜಿನ ಹೊರಮೈ ಒರೆಸಬೇಕು. ಉದ್ದುದ್ದ ಕಂಬಿ, ನಡುವೆ ನಾಲ್ಕು ಇಂಚು ಸಂದು. ಆರು ಇಂಚಿನ ಪಟ್ಟಿ ಅಡ್ಡಡ್ಡ ತೂರುವುದಿಲ್ಲ. ಉದ್ದಕ್ಕೆ ತಿರುಗಿಸಿ ತೂರಿಸಬಹುದು. ಆದರೆ ಆಚೆ ಹೋದ ಮೇಲೆ ಮಣಿಕಟ್ಟು ಕಂಬಿಗೆ ಸಿಕ್ಕಿ ವಾಪಸ್ ತಿರುಗುವುದಿಲ್ಲ. ಇಲ್ಲಿ ಪಕ್ಕಕ್ಕೆ ತಿರುಗುವ ತಲೆ ಬೇಕು. ಪಟ್ಟಿಯನ್ನು ಹಿಡಿಯ ಸಾಲಿಗೇ ತಿರುಗಿಸಿ, ದೊಡ್ಡ ಪೆನ್ನಿನ ಹಾಗೆ ಮಾಡಿ ಸಂದಿಯಲ್ಲಿ ಆಚೆ ಕಳಿಸಿ. ಪಟ್ಟಿಯ ಒಂದು ತುದಿಯನ್ನು ಕಿಟಕಿಯ ಚೌಕಟ್ಟಿಗೆ ಒತ್ತಿದರೆ ತಲೆ ತಾನೇ ಅಡ್ಡಕ್ಕೆ ತಿರುಗುತ್ತದೆ. ಹೊರಕ್ಕೆ ತೆರೆಯುವ ರೆಕ್ಕೆ ಬಾಗಿಲಾದರೆ ಅದನ್ನು ಅರ್ಧ ಮಾತ್ರ ತೆರೆದು, ನಿಮ್ಮ ಕಡೆಗೆ ತಂದುಕೊಂಡು ಎಳೆಯಿರಿ. ಸ್ಲೈಡಿಂಗ್ ಆದರೆ ಒಂದು ಗಾಜನ್ನು ಸರಿಸಿ, ತೆರೆದ ಅರ್ಧದಿಂದ ಕೈ ಹಾಕಿ ಪಕ್ಕದ ಗಾಜಿನ ಹೊರಮೈಯನ್ನು ಅಡ್ಡಕ್ಕೆ ಎಳೆಯಿರಿ, ಆಮೇಲೆ ಅದಲುಬದಲು.

ಹಿಡಿಯ ತೂತಿಗೆ ಒಂದು ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ. ಆ ಮನೆಯ ಅಜ್ಜಿ ನಾನು ದಾರ ಕಟ್ಟುವುದನ್ನು ನೋಡಿ "ಬಾವಿಗೆ ಕೊಡ ಬಿಟ್ಟ ಹಾಗೆ ಬಿಡ್ತೀಯಲ್ಲಪ್ಪ" ಎಂದರು. ಹೌದು, ಅಷ್ಟೇ. ಕೆಳಗೆ ಬಿದ್ದರೆ ಪಕ್ಕದ ಮನೆಯವರ ಕಾಂಪೌಂಡ್.

ಇಲ್ಲಿ ಪರ್ಫೆಕ್ಟ್ ಕೆಲಸ ಆಗುವುದಿಲ್ಲ ಅಂತ ಮೊದಲೇ ಮನೆಯವರಿಗೆ ಹೇಳಿಬಿಡಿ. ಕಂಬಿಯ ಹಿಂದಿನ ಮೂಲೆಯಲ್ಲಿ ಸ್ವಲ್ಪ ಉಳಿಯುತ್ತದೆ. ಹಣವನ್ನೂ ಅದಕ್ಕೆ ತಕ್ಕಂತೆ ಮಾತಾಡಿ. ಒಂದು ಗ್ರಿಲ್ ಕಿಟಕಿಗೆ ನನಗೆ ಮೂರು ಮಾಮೂಲಿ ಕಿಟಕಿಯ ಹೊತ್ತು ಹಿಡಿಯುತ್ತದೆ.

ಕೊನೆಯ ಒರೆಸುವಿಕೆ, ಆಮೇಲಿನ ಆರೈಕೆ

ಎಳೆದು ಮುಗಿದ ಮೇಲೆ ಅಂಚಿನಲ್ಲಿ ನೀರಿನ ಎಳೆ ಉಳಿದಿರುತ್ತದೆ. ಒಣ ಮೈಕ್ರೋಫೈಬರ್ ಬಟ್ಟೆಯನ್ನು ಒಂದು ಬೆರಳಿಗೆ ಸುತ್ತಿ ಅಂಚಿಗೆ ಒಂದೇ ಸಲ ಓಡಿಸಿ. ಒಂದು ಹನಿ ನಡುವೆ ಉಳಿದರೆ ಅರ್ಧ ನಿಮಿಷ ಕಾಯಿರಿ. ಎಷ್ಟೋ ಸಲ ಅದು ಗುರುತಿಲ್ಲದೆ ಆರುತ್ತದೆ. ಕೈ ಹಾಕಿದರೆ ಅದೇ ಕಲೆ.

ಆಮೇಲೂ ಗೆರೆ ಕಂಡರೆ ಅದು ಎಲ್ಲಿದೆ ನೋಡಿ. ಪ್ರತಿ ಎಳೆತದಲ್ಲೂ ಪಟ್ಟಿಯ ಅದೇ ಜಾಗದಲ್ಲಿ ಬಂದರೆ ರಬ್ಬರಿನ ಕಚ್ಚು. ಎರಡು ಎಳೆತದ ನಡುವೆ ಬಂದರೆ ಎಳೆತದ ಮೇಲೆ ಎಳೆತ ಹತ್ತಿಸಿದ್ದು ಸಾಲದು. ಅಡ್ಡಡ್ಡ ಅಲೆಯ ಹಾಗೆ ಬಂದರೆ ರಬ್ಬರ್ ಕುಣಿದಿದೆ, ಓರೆ ತಪ್ಪಿದೆ, ಇಲ್ಲವೇ ತಲೆಯ ಕೀಲು ಸಡಿಲ. ಇಡೀ ಗಾಜು ಮಬ್ಬಾದರೆ ಸೋಪು ಜಾಸ್ತಿ ಅಥವಾ ನೀರು ಗಡಸು.

ರಬ್ಬರ್ ಒಂದು ಬದಿ ಸವೆದರೆ ತೆಗೆದು ತಿರುಗಿಸಿ ಹಾಕಬಹುದು, ಅಂಚಿನ ಇನ್ನೊಂದು ಬದಿ ಹೊಸದಾಗೇ ಇರುತ್ತದೆ. ತಿರುಗಿಸಿದ ದಿನವನ್ನು ಮಾರ್ಕರಿನಲ್ಲಿ ಪಟ್ಟಿಯ ಮೇಲೆ ಬರೆಯುವ ಅಭ್ಯಾಸ ನಮ್ಮ ಹುಡುಗನದು, ಈಗ ನನ್ನದೂ ಆಗಿದೆ. ಕಚ್ಚು ಬಿದ್ದ ಕೂಡಲೇ ರಬ್ಬರನ್ನು ಬಿಸಾಡಬೇಡಿ. ಉದ್ದದ ರಬ್ಬರಿನ ನಡುವೆ ಒಂದು ಕಚ್ಚು ಬಿದ್ದಿದ್ದರೆ ಅದನ್ನು ಕತ್ತರಿಸಿ ಆರು ಇಂಚಿನ ಗ್ರಿಲ್ ಪಟ್ಟಿಗೆ ಹಾಕಿ. ಕತ್ತರಿಸುವಾಗ ಕತ್ತರಿ ಬೇಡ, ಹೊಸ ಬ್ಲೇಡಿನಲ್ಲಿ ಒಂದೇ ಏಟಿಗೆ.

ಬಾಗುವ ತಲೆಗೆ ಶತ್ರು ಎಂದರೆ ಧೂಳು. ಕೀಲಿನ ಹಲ್ಲುಗಳೊಳಗೆ ಮರಳು ಸೇರಿ ಪ್ಲಾಸ್ಟಿಕ್ ಸವೆಯುತ್ತದೆ, ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಸಂಜೆ ಮನೆಗೆ ಬಂದ ಮೇಲೆ ತಲೆಯನ್ನು ಸಡಿಲಿಸಿ, ನಲ್ಲಿ ನೀರಿನ ಕೆಳಗೆ ಹಿಡಿದು ಅತ್ತಿತ್ತ ಆಡಿಸಿ, ಹಲ್ಲುಜ್ಜುವ ಹಳೆಯ ಬ್ರಷ್ ಹಾಕಿ ತೊಳೆಯಿರಿ. ಕಿರ್ ಅನ್ನುತ್ತಿದೆ ಅಂತ ಕೊಬ್ಬರಿ ಎಣ್ಣೆ ಬಿಡಬೇಡಿ. ನಾನು ಬಿಟ್ಟಿದ್ದೆ. ಎಣ್ಣೆ ಪಟ್ಟಿಗೆ ಇಳಿಯಿತು, ಪಟ್ಟಿಯಿಂದ ರಬ್ಬರಿಗೆ, ರಬ್ಬರಿನಿಂದ ಒಂದು ಶೋರೂಮಿನ ಹನ್ನೆರಡು ಗಾಜಿಗೆ.